ದೀರ್ಘವಾಗಿ ಉಸಿರೆಳೆಯಿರಿ, ನಿಮ್ಮ ಸ್ವಂತ ಸಮಯದಲ್ಲಿ

ಒತ್ತಡ ನಿವಾರಣೆ ಈಗ ಆಫೀಸುಗಳಲ್ಲಿ ಕಡ್ಡಾಯ. ಸರ್ಕ್ಯುಲರ್ ಬರುತ್ತದೆ: ಶನಿವಾರ ಬೆಳಿಗ್ಗೆ ಎಂಟಕ್ಕೆ ವೆಲ್‌ನೆಸ್ ಕಾರ್ಯಾಗಾರ. ಎಲ್ಲರೂ ಕ್ಯಾಮೆರಾ ಆನ್ ಮಾಡಿಕೊಂಡು ಹಾಜರಿರತಕ್ಕದ್ದು. ಗೈರಾದವರು ಲಿಖಿತ ಕಾರಣ ಕೊಡತಕ್ಕದ್ದು. ಶನಿವಾರ ರಜೆ ಎಂಬುದು ಯಾರಿಗೂ ನೆನಪಿಲ್ಲ. ನೆಮ್ಮದಿಗೂ ಹಾಜರಿ ಪುಸ್ತಕ ಬಂದಿದೆ.

ತೆರೆಯ ಮೇಲೆ ಗುರುಗಳು ಅಪ್ಪಣೆ ಕೊಡಿಸುತ್ತಾರೆ: ನಾಲ್ಕು ಎಣಿಸುತ್ತ ಉಸಿರೆಳೆಯಿರಿ, ನಾಲ್ಕು ಎಣಿಸುತ್ತ ಬಿಡಿ, ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಮೂರು ಎಣಿಸುವಷ್ಟರಲ್ಲಿ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಬಾಸ್: ಆ ಫೈಲು ಏನಾಯ್ತು? ಮಗುವನ್ನು ಚಿವುಟುವವರೂ ಅವರೇ, ತೊಟ್ಟಿಲು ತೂಗುವವರೂ ಅವರೇ. ತೂಗಿದ ಫೋಟೊ ಮಾತ್ರ ಕಂಪನಿಯ ಪೇಜಿನಲ್ಲಿ.

ಕೊಂಚ ಲೆಕ್ಕ ಹಾಕೋಣ. 2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ ಮಾತು ಹೊರಬಿತ್ತು: 90 ಗಂಟೆ, ಭಾನುವಾರವೂ ಸೇರಿ. ಮನೆಯಲ್ಲಿ ಕೂತು ಹೆಂಡತಿಯ ಮುಖ ಎಷ್ಟು ಹೊತ್ತು ನೋಡುತ್ತೀರಿ ಎಂಬ ಪ್ರಶ್ನೆಯೂ ಜೊತೆಗಿತ್ತು. ದಿನಕ್ಕೆ ಹೆಚ್ಚುಕಡಿಮೆ 13 ಗಂಟೆ ಆಯಿತು. ಬೆಂಗಳೂರಿನ ಔಟರ್ ರಿಂಗ್ ರೋಡಿನ ಟ್ರಾಫಿಕ್ಕಿಗೆ ಮೂರು ಕೊಡಿ. ಉಳಿದ ಎಂಟರಲ್ಲಿ ನಿದ್ದೆ, ಸ್ನಾನ, ಊಟ, ಸಂಸಾರ ಮತ್ತು ಪ್ರಾಣಾಯಾಮ. ಹೆಂಡತಿಯ ಮುಖ ನೋಡುವ ಪ್ರಶ್ನೆಯೇ ಏಳುವುದಿಲ್ಲ. ಅವಳೂ ಮೀಟಿಂಗಿನಲ್ಲಿದ್ದಾಳೆ.

ಸರ್ಕಾರ ಹಿಂದೆ ಬೀಳುವುದುಂಟೆ? ಕರ್ನಾಟಕ 2023ರಲ್ಲಿ ಕಾರ್ಖಾನೆ ಕಾಯ್ದೆಯನ್ನು ತಿದ್ದಿ ದಿನಕ್ಕೆ 12 ಗಂಟೆ ಕೆಲಸಕ್ಕೆ ದಾರಿ ಮಾಡಿಕೊಟ್ಟಿತು. 2024ರ ಜುಲೈನಲ್ಲಿ ಐಟಿಯವರನ್ನು 14 ಗಂಟೆವರೆಗೆ ಕೂರಿಸುವ ಪ್ರಸ್ತಾವ ಬಂತು. ನೌಕರರ ಸಂಘ ತಿರುಗಿಬಿತ್ತು. ಉದ್ಯಮದ ಕಡೆಯಿಂದ ಒತ್ತಡವಿದೆ ಎಂದು ಕಾರ್ಮಿಕ ಸಚಿವರು ಹೇಳಿಕೊಂಡರು. ಪಾಪ, ಅವರಿಗೂ ಒತ್ತಡ. ಅವರಿಗೆ ಮಾತ್ರ ಯಾರೂ ಉಸಿರಾಟ ಹೇಳಿಕೊಡಲಿಲ್ಲ.

ಇದೇ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿಗೆ ಅದೇ ಮುಖ್ಯ ಕೇಂದ್ರ. 2022ರಿಂದ 14416ಕ್ಕೆ ಯಾವ ಹೊತ್ತಿನಲ್ಲಿ ಬೇಕಾದರೂ ಪುಕ್ಕಟೆ ಕರೆ ಮಾಡಬಹುದು. ಒಳ್ಳೆಯ ಕೆಲಸ. ನಿಜವಾಗಿ ಕಷ್ಟದಲ್ಲಿರುವವರು ಮಾಡಿ, ಸಂಕೋಚ ಬೇಡ. ಆದರೆ ಆ ಕಡೆ ಫೋನು ಎತ್ತಿದವರು ನಿಮ್ಮ ಸಂಕಟ ಕೇಳಿಯಾರು, ಡೆಡ್‌ಲೈನ್ ಮುಂದೂಡಲಾರರು. ಒಂದು ಕೈ ಜನರನ್ನು ಹಿಂಡುತ್ತಿರಲಿ, ಇನ್ನೊಂದು ಕೈ ಸಹಾಯವಾಣಿಯ ನಂಬರು ಹಂಚುತ್ತಿರಲಿ. ಇದಕ್ಕೆ ಕಲ್ಯಾಣ ರಾಜ್ಯ ಎನ್ನುತ್ತಾರೆ.

2024ರ ಡಿಸೆಂಬರ್‌ನಲ್ಲಿ ನೊಯ್ಡಾದ ಕಂಪನಿಯೊಂದರ ಈಮೇಲ್ ದೇಶ ಸುತ್ತಿತು. ಒತ್ತಡವಿದೆಯೇ ಎಂದು ಸಮೀಕ್ಷೆ ಮಾಡಿದೆವು, ತುಂಬಾ ಇದೆ ಎಂದವರನ್ನು ಕೆಲಸದಿಂದ ಬಿಟ್ಟೆವು ಎಂದಿತ್ತು ಅದರಲ್ಲಿ. ಜನ ಉಗಿದರು. ಆಮೇಲೆ ಕಂಪನಿ ಹೇಳಿತು: ಯಾರನ್ನೂ ತೆಗೆದಿಲ್ಲ, ಒತ್ತಡದ ಬಗ್ಗೆ ಗಮನ ಸೆಳೆಯಲು ಹೀಗೆ ಮಾಡಿದೆವು. ಇರಲಿ. ಆದರೆ ಮೊದಲ ಈಮೇಲನ್ನು ಓದಿದಾಗ ಇದು ತಮಾಷೆಯಿರಬೇಕು ಎಂದು ಎಷ್ಟು ಜನಕ್ಕೆ ಅನ್ನಿಸಿತು? ಇಂಥದ್ದು ನಡೆದೇ ನಡೆಯುತ್ತದೆ ಎಂದು ನಾವು ಕಣ್ಣು ಮುಚ್ಚಿ ನಂಬಿದೆವು. ನಮ್ಮ ಅನುಭವ ಅಷ್ಟು ಗಟ್ಟಿ.

2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ವಿಮೆಯ ಮಟ್ಟಿಗೆ ಮನಸ್ಸಿನ ಕಾಯಿಲೆಯೂ ದೇಹದ ಕಾಯಿಲೆಗೆ ಸಮ. ಎಲ್ಲಿ, ರಜೆ ಅರ್ಜಿಯಲ್ಲಿ ಬರೆದು ನೋಡಿ. ಭೇದಿ ಎಂದು ಬರೆಯಿರಿ, ಮರುಮಾತಿಲ್ಲದೆ ಮಂಜೂರು. ಮನಸ್ಸು ಸರಿಯಿಲ್ಲ ಎಂದು ಬರೆಯಿರಿ, ಮುಂದಿನ ಪ್ರಮೋಷನ್ ಪಟ್ಟಿಯಲ್ಲಿ ನಿಮ್ಮ ಹೆಸರು ಹುಡುಕಿಕೊಳ್ಳಿ. ಮರ್ಯಾದಸ್ಥರು ಅದಕ್ಕೇ ವರ್ಷವಿಡೀ ಭೇದಿಯಿಂದ ನರಳುತ್ತಾರೆ.

ಮನೆಯೇನು ಸ್ವರ್ಗವೆ? ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ನೋಡಿ. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ತೆರುತ್ತಾರೆ. ಗಂಡಸರು 88. ಅದೂ ಮಾಡುವ ಗಂಡಸರು; ಸೋಫಾದಿಂದ ಏಳದವರು ಈ ಲೆಕ್ಕಕ್ಕೇ ಬಂದಿಲ್ಲ. ನಿನಗೆ ಯಾಕೆ ಇಷ್ಟು ಟೆನ್ಷನ್, ಸ್ವಲ್ಪ ಧ್ಯಾನ ಮಾಡು ಎಂಬ ಉಪದೇಶ ಬರುವುದು ಆ ಸೋಫಾದಿಂದಲೇ. ಉಪದೇಶ ಮುಗಿಸಿ, ಕಾಫಿ ಆಯ್ತಾ ಎಂದು ಕೇಳುತ್ತಾರೆ. ಮಗ 95 ತಂದರೆ ಉಳಿದ ಐದು ಎಲ್ಲಿ ಎನ್ನುತ್ತಾರೆ. ಮಕ್ಕಳ ಮೇಲೆ ಒತ್ತಡ ಹಾಕಬಾರದು ಎಂಬ ವಿಡಿಯೊವನ್ನು ಫ್ಯಾಮಿಲಿ ಗ್ರೂಪಿಗೆ ಹಾಕುವವರೂ ಇವರೇ.

ಇನ್ನು ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ಟಾರ್ಗೆಟ್ ತಪ್ಪೀತೆಂದು, ಶೌಚಾಲಯಕ್ಕೆ ಏಳಬೇಕಾದೀತೆಂದು ನೀರನ್ನೇ ಕುಡಿಯದೆ ಹೊಲಿಯುವವರು. ಅವರಿಗೆ ಕಾರ್ಯಾಗಾರವಿಲ್ಲ, ಸುಗಂಧದ ಮೇಣದಬತ್ತಿಯಿಲ್ಲ. ಅವರದ್ದು ಒತ್ತಡವಲ್ಲವಂತೆ, ಬರೀ ಕೆಲಸವಂತೆ. ಒತ್ತಡ ಎನ್ನಿಸಿಕೊಳ್ಳಬೇಕಾದರೂ ಕೊರಳಲ್ಲಿ ಸರಿಯಾದ ಐಡಿ ಕಾರ್ಡ್ ಇರಬೇಕು.

ಮದ್ದು ಎಲ್ಲರಿಗೂ ಗೊತ್ತು. ಮೂವರ ಕೆಲಸಕ್ಕೆ ಮೂವರನ್ನೇ ಇಡಿ. ಸಂಬಳ ಸರಿಯಾದ ತಾರೀಖಿಗೆ ಹಾಕಿ. ಸಂಜೆ ಏಳರ ಮೇಲೆ ಫೋನು ಮಾಡಬೇಡಿ. ಉಂಡ ತಟ್ಟೆಯನ್ನು ಉಂಡವರೇ ತೊಳೆಯಿರಿ. ಇದಕ್ಕೆ ಧ್ಯಾನವೂ ಬೇಡ, ಗುರುವೂ ಬೇಡ. ಮೇಲೆ ಕೂತವರು ಒಂದಿಷ್ಟು ಕಳೆದುಕೊಳ್ಳಬೇಕು, ಅಷ್ಟೇ. ಅದು ಆಗದ ಮಾತು ನೋಡಿ, ಅದಕ್ಕೇ ಕೆಳಗಿನವರಿಗೆ ಧ್ಯಾನ ಕಲಿಸುತ್ತಿದ್ದಾರೆ.