ಸಕುಟುಂಬ ಸಪರಿವಾರ ವಿಶ್ರಾಂತಿ

ವಿಶ್ರಾಂತಿಯೂ ಹಣ ಕೊಟ್ಟು ಕೊಳ್ಳಬಹುದಾದ ಸರಕುಗಳಲ್ಲೊಂದು, ಕೊಂಡ ಮೇಲೆ ಅದನ್ನು ಗಜದಿಂದ ಅಳೆದು ನೋಡಿ ಕಡಿಮೆ ಬಿದ್ದ ಅಂಗುಲಗಳನ್ನು ಮಾರಿದವನಿಂದಲೇ ವಸೂಲು ಮಾಡತಕ್ಕದ್ದು ಧರ್ಮ ಎಂದು ನಂಬಿರುವ ಗೃಹಸ್ಥರು ನಮ್ಮ ಎಮ್ಮಿಗನೂರಿನಲ್ಲಿ ಈಚೆಗೆ ಬೀದಿಗೊಬ್ಬರಂತೆ ಕಾಣಬರುತ್ತಿದ್ದಾರೆ. ಇವರನ್ನು ನಾನು ವಿಹಾರದ ಯಜಮಾನರೆಂದು ಕರೆಯುತ್ತೇನೆ. ವಯಸ್ಸು ನಲವತ್ತರ ಆಚೀಚೆ. ಜವಳಿಯ ಅಂಗಡಿಯೋ, ಶೇಂಗಾ ಮಂಡಿಯೋ, ಆದವಾನಿಯ ಹತ್ತಿ ವ್ಯಾಪಾರದಲ್ಲಿ ಒಂದು ಪಾಲೋ ಇರುತ್ತದೆ. ಮನೆಯಲ್ಲಿ ವೃದ್ಧ ಮಾತೆ, ಮಿತಭಾಷಿಣಿಯಾದ ಪತ್ನಿ, ಇನ್ನೂ ಹಲ್ಲು ಬೀಳುತ್ತಿರುವ ಒಬ್ಬ ಮಗ, ಈಗತಾನೆ ಮಾತು ಕಲಿತಿರುವ ಒಬ್ಬ ಮಗಳು. ವರ್ಷದ ಹನ್ನೊಂದೂ ಮುಕ್ಕಾಲು ತಿಂಗಳು ಅಂಗಡಿಯ ಗಾದಿಯ ಮೇಲೆ ದಿಂಬಿಗೊರಗಿ ಕುಳಿತಿರುವ ಈ ಮಹನೀಯರು, ಉಳಿದ ಕಾಲು ತಿಂಗಳಿನಲ್ಲಿ ವಿಶ್ರಾಂತಿಯ ನಿಮಿತ್ತ ಪಡುವ ಶ್ರಮವನ್ನು ಕಂಡವರಾರೂ ಅವರನ್ನು ಸೋಮಾರಿಗಳೆಂದು ಕರೆಯಲಾರರು.

ಇವರ ತಂದೆಯವರ ಕಾಲದಲ್ಲಿ ಈ ಬಗೆಯ ತೊಂದರೆಯಿರಲಿಲ್ಲ. ಊರು ಬಿಟ್ಟು ಹೊರಡುವುದೆಂದರೆ ಮಂತ್ರಾಲಯಕ್ಕೆ. ರಾಯರು 1671ರಲ್ಲಿ ಬೃಂದಾವನಸ್ಥರಾದಂದಿನಿಂದ ನಮ್ಮ ಸೀಮೆಯ ಜನಕ್ಕೆ ಬೇರೊಂದು ಗಮ್ಯಸ್ಥಾನವನ್ನು ಯೋಚಿಸುವ ಅಗತ್ಯವೇ ಬಿದ್ದಿರಲಿಲ್ಲ. ಸಂಜೆಯ ಬಸ್ಸು ಹಿಡಿದು ಹೋಗಿ, ಛತ್ರದ ನೆಲದ ಮೇಲೆ ಜಮಖಾನ ಹಾಸಿ ಮಲಗಿ, ಬೆಳಗಿನ ಜಾವದಲ್ಲಿ ತುಂಗಭದ್ರೆಯಲ್ಲಿ ಮುಳುಗೆದ್ದು, ದರ್ಶನ ಮಾಡಿ, ಪಂಕ್ತಿಯಲ್ಲಿ ಉಂಡು, ಪರಿಮಳ ಪ್ರಸಾದದ ಪೊಟ್ಟಣ ಕಟ್ಟಿಸಿಕೊಂಡು ಹಿಂದಿರುಗಿದರೆ ಅಲ್ಲಿಗೆ ಯಾತ್ರೆ ಮುಗಿಯಿತು. ಹೋಗಿಬಂದವರನ್ನು ‘ದಣಿವಾರಿತೇ’ ಎಂದು ಯಾರೂ ಕೇಳುತ್ತಿರಲಿಲ್ಲ. ತಾವು ದಣಿದಿದ್ದೇವೆಂಬ ಸಂಗತಿ ಅವರಿಗೂ ತಿಳಿದಿರಲಿಲ್ಲ. ಅದು ತಿಳಿದದ್ದು ಈಚೆಗೆ, ಬೆಂಗಳೂರಿನಲ್ಲಿರುವ ನಾದಿನಿ ತನ್ನ ಮಕ್ಕಳು ಯಾವುದೋ ಕಾಡಿನ ನಡುವಣ ರೆಸಾರ್ಟಿನಲ್ಲಿ ಜೀಪಿನ ಮೇಲೆ ನಿಂತಿರುವ ಚಿತ್ರಗಳನ್ನು ವಾಟ್ಸಾಪಿನಲ್ಲಿ ಕಳುಹಿಸತೊಡಗಿದ ಮೇಲೆ.

ನಮ್ಮ ಬೀದಿಯ ಯಜಮಾನರು ಹೋದ ಬೇಸಗೆಯಲ್ಲಿ ಹೊರಟದ್ದು ಹಂಪೆಯ ಬಳಿಯ ಕಮಲಾಪುರದ ಸುತ್ತಿನ ಒಂದು ವಿಹಾರಧಾಮಕ್ಕೆ. 1980ರಲ್ಲಿ ಸ್ಥಾಪಿತವಾದ ಕರ್ನಾಟಕ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಕಬಿನಿಯ ದಂಡೆಯ ಮೇಲೆ, ಮೈಸೂರು ಮಹಾರಾಜರ ಬೇಟೆಯ ಬಿಡದಿಯಲ್ಲಿ ಆರಂಭಿಸಿದ ಈ ಸಂಪ್ರದಾಯ ಈಗ ಕಮಲಾಪುರದವರೆಗೂ ಹಬ್ಬಿ, ಸರ್ಕಾರದವರದಲ್ಲದೆ ಖಾಸಗಿಯವರ ಧಾಮಗಳೂ ಅಲ್ಲಿ ತಲೆಯೆತ್ತಿವೆ. ಕಬಿನಿ ದೂರ, ಕಮಲಾಪುರ ಹತ್ತಿರ, ಪೆಟ್ರೋಲಿನಲ್ಲಿ ಉಳಿತಾಯ ಎಂಬುದು ಯಜಮಾನರ ತರ್ಕ. ಹತ್ತಿರವೆಂಬುದು ನಿಜವೇ, ಆದರೆ ಆ ಹತ್ತಿರದಲ್ಲೊಂದು ವೈಚಿತ್ರ್ಯವುಂಟು. ಆದವಾನಿಯ ಕೋಟೆಯ ಬೆಟ್ಟದಲ್ಲಿ ಒಂದರ ಮೇಲೊಂದು ಕುಳಿತಿರುವ ಹೆಬ್ಬಂಡೆಗಳು, ಅವುಗಳ ಸಂದಿಯ ಮುಳ್ಳುಕಂಟಿ, ಮೇಲಿನ ಬಿಸಿಲು ಇವೆಲ್ಲವನ್ನೂ ಹುಟ್ಟಿದಂದಿನಿಂದ ಪುಕ್ಕಟೆಯಾಗಿ ನೋಡುತ್ತ ಬಂದ ಮನುಷ್ಯ, ಆಲೂರು, ಬಳ್ಳಾರಿಗಳನ್ನು ದಾಟಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಚಿಮಣಿಗಳನ್ನು ಕಂಡು ‘ಇದೇನಪ್ಪಾ ರೆಸಾರ್ಟು?’ ಎಂದು ಕೇಳಿದ ಮಗನನ್ನು ಗದರಿ, ಕಡೆಗೆ ರೊಕ್ಕ ಕೊಟ್ಟು ತಲುಪಿದ್ದು ಅದೇ ಹೆಬ್ಬಂಡೆಗಳ, ಅದೇ ಮುಳ್ಳುಕಂಟಿಯ, ಅದೇ ಬಿಸಿಲಿನ ಸನ್ನಿಧಿಯನ್ನು.

ವೃದ್ಧ ಮಾತೆಗೆ ಮಾತ್ರ ಇದರಲ್ಲಿ ಆಶ್ಚರ್ಯವೇನೂ ತೋರಲಿಲ್ಲ. ಆಕೆ ಹುಟ್ಟಿದಾಗ ಎಮ್ಮಿಗನೂರು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. 1953ರ ಅಕ್ಟೋಬರ್ 1ರಂದು ಆ ಜಿಲ್ಲೆಯನ್ನು ಸೀಳಿ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳನ್ನು ಆಂಧ್ರಕ್ಕೂ ಉಳಿದುದನ್ನು ಮೈಸೂರಿಗೂ ಹಂಚಿದರೆಂಬ ವಾರ್ತೆ ಆಕೆಯ ಕಿವಿಗೆ ಬಿದ್ದಿದ್ದರೂ ಮನಸ್ಸಿಗೆ ಇಳಿದಿಲ್ಲ. ಹೊಸಪೇಟೆ ಈಗ ಬಳ್ಳಾರಿಯದೂ ಅಲ್ಲ, 2021ರಿಂದ ವಿಜಯನಗರವೆಂಬ ಬೇರೆ ಜಿಲ್ಲೆಯೇ ಆಗಿದೆ ಎಂದು ಮಗ ವಿವರಿಸಿದಾಗ ಆಕೆ, “ಅವರು ಹೆಸರು ಬದಲು ಮಾಡ್ಕೊಂತ ಕುಂದರ್ಲಿ, ಕಲ್ಲು ನಮ್ಮವೇ” ಎಂದು ಆ ಚರ್ಚೆಯನ್ನು ಮುಗಿಸಿದಳು. ಭೂಗರ್ಭಶಾಸ್ತ್ರಜ್ಞರೂ ಇದಕ್ಕೆ ಸಮ್ಮತಿಸಿಯಾರು.

ಆ ಶಿಲೆಗಳಿಗೆ ಸುಮಾರು 250 ಕೋಟಿ ವರ್ಷಗಳ ಪ್ರಾಯವೆನ್ನುತ್ತಾರೆ. ಪ್ರಾಯದ ವಿಷಯ ಬಂದುದರಿಂದ ಹೇಳುತ್ತೇನೆ: ಧಾಮದ ನಿಯಮದ ಪ್ರಕಾರ ಐದು ವರ್ಷದೊಳಗಿನ ಮಕ್ಕಳಿಗೆ ಬಾಡಿಗೆಯಿಲ್ಲ, ಅದಕ್ಕೆ ಮೇಲ್ಪಟ್ಟವರಿಗೆ ಅರ್ಧ. ಯಜಮಾನರ ಮಗನ ವಯಸ್ಸಾದರೋ ಸ್ಥಳ ಸನ್ನಿವೇಶಗಳನ್ನು ಅನುಸರಿಸಿ ಏರಿಳಿಯುವಂಥದು. ಶಾಲೆಗೆ ಸೇರಿಸುವಾಗ ಅವನಿಗೆ ವಾಸ್ತವಕ್ಕಿಂತ ಕೆಲವು ತಿಂಗಳು ಹೆಚ್ಚಾಗಿತ್ತು; ರೈಲಿನಲ್ಲಿ ಒಂದೂವರೆ ವರ್ಷ ಕಡಿಮೆಯಾಯಿತು; ನೀಲಕಂಠೇಶ್ವರನ ಜಾತ್ರೆಯ ರಾಟೆತೊಟ್ಟಿಲನ್ನು ಹತ್ತಬೇಕಾದಾಗ ಮತ್ತೆ ಏರಿತು. ಇಂತಹ ವೈವಿಧ್ಯಮಯ ಜೀವನವನ್ನು ನಡೆಸಿಬಂದ ಆ ಬಾಲಕನು, ಧಾಮದ ಗುಮಾಸ್ತನು ಲೇಖನಿಯನ್ನೆತ್ತಿ ‘ಮಗುವಿಗೆ ಎಷ್ಟು ವರ್ಷ?’ ಎಂದು ಕೇಳಿದಾಗ, ಸುಳ್ಳಾಡಬೇಕೆಂಬ ಉದ್ದೇಶವಾಗಲಿ ಸತ್ಯ ನುಡಿಯಬೇಕೆಂಬ ಹಟವಾಗಲಿ ಇಲ್ಲದೆ, ಕೇವಲ ಜಿಜ್ಞಾಸೆಯಿಂದ ತಂದೆಯ ಕಡೆಗೆ ತಿರುಗಿ, “ಅಪ್ಪಾ, ಇಲ್ಲಿ ನನಗೆ ಎಷ್ಟು ವರ್ಷ?” ಎಂದು ವಿಚಾರಿಸಿದನು. ಗುಮಾಸ್ತನು ತಲೆಯೆತ್ತದೆ ‘ಅರ್ಧ’ ಎಂದು ಬರೆದುಕೊಂಡನು.

ಆ ಗುಮಾಸ್ತನೇ ಕಾರಿನ ಆಂಧ್ರದ ನಂಬರನ್ನು ಕಂಡು, ಬಂದವರನ್ನು ಬಲುಪ್ರಯಾಸದಿಂದ ಕಟ್ಟಿದ ತೆಲುಗಿನಲ್ಲಿ ಸ್ವಾಗತಿಸಿದ್ದನು. ಯಜಮಾನರು ಕನ್ನಡದಲ್ಲಿ ಉತ್ತರ ಕೊಡಲಾಗಿ, ಮೆಚ್ಚಿ, “ಕನ್ನಡ ಚೆನ್ನಾಗಿ ಕಲಿತಿದ್ದೀರಿ ಸಾರ್” ಎಂದು ಪ್ರಶಂಸಿಸಿದನು. ಗಡಿಯಾಚೆಯ ಕನ್ನಡಿಗನಿಗೆ ಗಡಿಯೀಚೆ ದೊರೆಯುವ ಈ ಪ್ರಶಸ್ತಿಯನ್ನು ನಮ್ಮ ಊರಿನವರು ಎಷ್ಟೋ ಸಲ ಸ್ವೀಕರಿಸಿದ್ದಾರೆ. ಅಜ್ಜಿ ಮಾತ್ರ ಸುಮ್ಮನಿರಲಿಲ್ಲ: “ಕಲಿಯೋದೇನೈತಪ್ಪಾ, ಹೊಟ್ಟೆಯಾಗಿಂದ ತಂದೀವಿ.”

ಕೋಣೆಯನ್ನು ಹೊಕ್ಕೊಡನೆ ಸಾಮಾನ್ಯ ಪ್ರವಾಸಿಗಳು ಕಿಟಕಿಯ ಹೊರಗಣ ದೃಶ್ಯವನ್ನು ನೋಡುತ್ತಾರೆ. ಎಮ್ಮಿಗನೂರಿನವರು ಹಾಸಿಗೆಯ ಮೇಲಣ ದುಪ್ಪಟಿಯ ಅಂಚನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಉಜ್ಜುತ್ತಾರೆ. ಮಾಚಾನಿ ಸೋಮಪ್ಪನವರು 1938ರಲ್ಲಿ ನೇಕಾರರ ಸಹಕಾರ ಸಂಘವನ್ನು ಸ್ಥಾಪಿಸಿ ಕೈಮಗ್ಗಕ್ಕೆ ಹೊಸ ಪ್ರಾಣ ಕೊಟ್ಟ ಊರಿನಲ್ಲಿ ಹುಟ್ಟಿದವನಿಗೆ ಇದು ಉಸಿರಾಟದಷ್ಟೇ ಸಹಜ. “ಪವರ್‌ಲೂಮು” ಎಂದು ತೀರ್ಪಿತ್ತು ಯಜಮಾನರು ಟವೆಲಿನ ಕಡೆಗೆ ನಡೆದರು. ಅದನ್ನೂ ಬೆಳಕಿಗೆ ಹಿಡಿದು, “ನಾವು ಕೊಟ್ಟಿದ್ದರೆ ಇದರ ಅರ್ಧ ರೇಟಿಗೆ ಕೊಡುತ್ತಿದ್ದೆವು” ಎಂದರು. ಕಿಟಕಿಯ ಹೊರಗೆ ಆ ಹೊತ್ತಿನಲ್ಲಿ ಒಂದು ನವಿಲು ನಿಂತಿದ್ದಿತಂತೆ.

ಆದರೆ ಅವರ ಧೈರ್ಯಕ್ಕೆ ನಿಜವಾದ ಪರೀಕ್ಷೆಯೊದಗಿದ್ದು ಈಜುಕೊಳದ ದಡದಲ್ಲಿ. ಮಕ್ಕಳಿಬ್ಬರೂ ಆ ನೀಲ ಜಲರಾಶಿಯನ್ನು ಕಂಡೊಡನೆ ಹುಯಿಲಿಟ್ಟು ಧುಮುಕಹೋದರು. ನಲ್ಲಿಯಲ್ಲಿ ಬರುವ ನೀರನ್ನು ಕೊಡದಲ್ಲಿ ಲೆಕ್ಕ ಹಾಕುವ ಬೀದಿಯಿಂದ ಬಂದ ಅಜ್ಜಿಯಂತೂ, ಇಷ್ಟು ನೀರಿನಲ್ಲಿ ತಮ್ಮ ಓಣಿಗೆ ಎಷ್ಟು ದಿನ ಕಳೆಯಬಹುದಿತ್ತೆಂದು ಬೆರಳು ಮಡಿಸುತ್ತ ನಿಂತಳು. ಯಜಮಾನರು ಅಂಗಿ ಕಳಚಿ, ಹೊಸ ಹತ್ತಿಯ ಚಡ್ಡಿಯಲ್ಲಿ, ಹಣ ಕೊಟ್ಟ ಮನುಷ್ಯನ ಗಾಂಭೀರ್ಯದಿಂದ ಮೆಟ್ಟಿಲಿಳಿಯುತ್ತಿರಲಾಗಿ, ಕಾವಲಿನ ಹುಡುಗನು ಓಡಿಬಂದು ಅಡ್ಡಗೈ ಹಿಡಿದು ಗೋಡೆಯ ಮೇಲಿನ ಹಲಗೆಯನ್ನು ತೋರಿಸಿದನು. ನೈಲಾನಿನ ಉಡುಪು ಕಡ್ಡಾಯ. ಹತ್ತಿಯ ಬಟ್ಟೆ ನಿಷಿದ್ಧ. ಹತ್ತಿಯ ನಾರು ಬಿಟ್ಟು ನೀರು ಸೋಸುವ ಯಂತ್ರ ಕಟ್ಟಿಕೊಳ್ಳುತ್ತದೆಂದು ಕಾರಣ.

ಮೂರು ತಲೆಮಾರು ಹತ್ತಿಯ ನೂಲಿನಿಂದ ಅನ್ನ ಕಂಡ ವಂಶದವರಿಗೆ ಇದಕ್ಕಿಂತ ದೊಡ್ಡ ಅವಮಾನವನ್ನು ವಿಧಿಯೂ ಯೋಚಿಸಲಾರದು. ಬರಿಯ ಚಡ್ಡಿಯಲ್ಲಿ, ಮಂಡಿಯವರೆಗಿನ ನೀರಿನಲ್ಲಿ ನಿಂತು, ಯಜಮಾನರು ಹತ್ತಿಯ ಮಹಿಮೆಯನ್ನು ಕುರಿತು ಮಾಡಿದ ಉಪನ್ಯಾಸ ಬಹಳ ಹೊತ್ತು ನಡೆಯಿತೆಂದು ಕೇಳಿದ್ದೇನೆ. ಆದವಾನಿಯ ಮಾರುಕಟ್ಟೆಗೆ ಹಂಗಾಮಿನಲ್ಲಿ ಬರುವ ಹತ್ತಿಯ ಗಾಡಿಗಳು, ನೇಕಾರರ ಸಂಘದ ಪಂಚೆಗಳ ಕೀರ್ತಿ, ಸೋಮಪ್ಪನವರಿಗೆ ಸಂದ ಪದ್ಮಶ್ರೀ ಇವೆಲ್ಲವೂ ಅದರಲ್ಲಿ ಬಂದುವು. ತುಂಗಭದ್ರೆಯು ಇಷ್ಟು ಶತಮಾನಗಳಿಂದ ಯಾರ ಪಂಚೆಯನ್ನೂ ಕುರಿತು ‘ಇದು ಯಾವ ನೂಲು’ ಎಂದು ಕೇಳಿದ್ದಿಲ್ಲವೆಂಬ ಮಾತೂ ಬಂದಿತು. ಹುಡುಗನು ಎಲ್ಲವನ್ನೂ ವಿನಯದಿಂದ ಕೇಳಿ, ನೈಲಾನ್ ಚಡ್ಡಿಗಳು ಕಚೇರಿಯಲ್ಲಿಯೇ ಮಾರಾಟಕ್ಕಿವೆ ಎಂದನು. ಅದರ ಬೆಲೆಯಲ್ಲಿ ನಮ್ಮ ಊರಿನಲ್ಲಿ ಒಂದು ಒಳ್ಳೆಯ ಜೋಡಿ ಪಂಚೆ ಬರುತ್ತದೆ. ಕೊಳಕ್ಕೆಂದು ಕೊಟ್ಟ ಹಣ ಮುಳುಗಬೇಕೋ ಚಡ್ಡಿಗೆಂದು ಹೊಸದಾಗಿ ಕೊಡಬೇಕೋ ಎಂಬ ಧರ್ಮಸಂಕಟದಲ್ಲಿ ಕೆಲಕಾಲ ತೊಳಲಾಡಿ, ಕಡೆಗೆ ಕೊಂಡು, ಕೊಂಡ ಕಾರಣದಿಂದಲೇ ಮೈ ನಡುಗುವವರೆಗೂ ನೀರಿನಲ್ಲಿ ಕುಳಿತಿದ್ದರು. ಮಕ್ಕಳು ಯಾವಾಗಲೋ ಎದ್ದು ಹೋಗಿದ್ದರು.

ಅವರು ಹೋದದ್ದು ಎಲ್ಲಿಗೆಂದರೆ, ಅಡಿಗೆಮನೆಯ ಹಿಂದೆ ಯಾವುದೋ ದುರಸ್ತಿಗಾಗಿ ಸುರಿದಿದ್ದ ಮರಳಿನ ಗುಡ್ಡೆಗೆ. ದರಪಟ್ಟಿಯಲ್ಲಿ ಕಾಣಿಸದ ಆ ಏಕೈಕ ವಸ್ತುವನ್ನು ಅವರು ಧಾಮದ ಸರ್ವೋತ್ಕೃಷ್ಟ ಆಕರ್ಷಣೆಯೆಂದು ಒಂದೇ ನೋಟಕ್ಕೆ ನಿರ್ಣಯಿಸಿಬಿಟ್ಟಿದ್ದರು. ಪಕ್ಷಿವೀಕ್ಷಣೆಗೆಂದು ನಸುಕಿನಲ್ಲಿ ಎಬ್ಬಿಸಿದರೆ ಮರಳು, ಹಂಪೆಯ ಕಲ್ಲಿನ ರಥವನ್ನು ತೋರಿಸಲೆಂದು ಕರೆದರೆ ಮರಳು. ‘ಮರಳು ನಮ್ಮ ಮನೆಯ ಮುಂದೆಯೇ ಇದೆಯಲ್ಲೋ, ಇದಕ್ಕಾಗಿ ಇಷ್ಟು ಹಣ ಸುರಿದು ಬರಬೇಕಾಗಿತ್ತೇ?’ ಎಂದು ಯಜಮಾನರು ಹಲುಬುತ್ತಿದ್ದರೆ, ಹೆಬ್ಬಂಡೆಗಳನ್ನು ನೋಡಲು ಆದವಾನಿಯ ಕಡೆಯಿಂದ ಬಂದವರ ಬಾಯಲ್ಲಿ ಆ ಪ್ರಶ್ನೆ ನನಗೇನೋ ಅಷ್ಟಾಗಿ ಒಪ್ಪಲಿಲ್ಲ.

ಊಟದ ವಿಷಯವನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಬಫೆಯಲ್ಲಿ ಹೆಸರು ಗೊತ್ತಿಲ್ಲದ ಪದಾರ್ಥಗಳೇ ಹೆಚ್ಚು ಬೆಲೆಯವೆಂದು ಊಹಿಸಿ ಯಜಮಾನರು ಅವನ್ನೇ ಉಂಡರು. ಮಕ್ಕಳು ಮೊಸರನ್ನವನ್ನು ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ. ಅಜ್ಜಿ ತನ್ನ ಗಂಟನ್ನು ಬಿಚ್ಚಿ ಜೋಳದ ಕಟಕ ರೊಟ್ಟಿ, ಗುರೆಳ್ಳಿನ ಪುಡಿಗಳನ್ನು ಹರವಲು, ಪಕ್ಕದ ಮೇಜಿನ ಬೆಂಗಳೂರಿನವರು ನಾಚುತ್ತ ನಾಚುತ್ತ ಬಂದು ಒಂದೊಂದು ರೊಟ್ಟಿ ಕೇಳಿ ಪಡೆದರು. ಮರುದಿನದ ಉಪಾಹಾರದಲ್ಲಿ ‘ಪ್ರಾದೇಶಿಕ ವಿಶೇಷ’ವೆಂಬ ಫಲಕದಡಿಯಲ್ಲಿ ಉಗ್ಗಾಣಿ, ಮೆಣಸಿನಕಾಯಿ ಬಜ್ಜಿ ಇಟ್ಟಿದ್ದರು. ಮನೆಯಲ್ಲಿ ಉಗ್ಗಾಣಿಯೆಂದರೆ ‘ಮತ್ತೆ ಅದೇ ಏನೇ?’ ಎಂದು ಮೂಗು ಮುರಿಯುವ ಯಜಮಾನರು ಅದಕ್ಕಾಗಿ ಸಾಲಿನಲ್ಲಿ ನಿಂತು ಮೂರು ಸಲ ಬಡಿಸಿಕೊಂಡದ್ದನ್ನು ಪತ್ನಿ ನೋಡಿದಳು, ಏನೂ ಹೇಳಲಿಲ್ಲ.

ಆಕೆ ಹೇಳದೆ ಉಳಿಸಿಕೊಂಡ ಮಾತುಗಳು ಬಹಳವಿರಬೇಕು. ಒಲೆಯಿಂದ ಬಿಡುಗಡೆ ದೊರೆತ ಆ ಎರಡು ದಿನಗಳಲ್ಲಿ ಆಕೆ ಬಯಸಿದ್ದು ನಿದ್ರೆಯೊಂದನ್ನೇ. ಯಜಮಾನರ ಕಾರ್ಯಕ್ರಮಪಟ್ಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಎರಡನೆಯ ದಿನ ಮಧ್ಯಾಹ್ನ ದರೋಜಿಯ ಕರಡಿಧಾಮಕ್ಕೆ ಜೀಪು ಹೊರಟಾಗ, ಆಕೆ ಸೆರಗನ್ನು ಮುಖಕ್ಕೆಳೆದುಕೊಂಡು, “ಏನ್ರೀ, ಕರಡಿ ಬಂದ್ರೆ ನನ್ನ ಎಬ್ಬಿಸಬ್ಯಾಡ್ರಿ” ಎಂದು ಹೇಳಿ ಸೀಟಿನ ಮೂಲೆಗೆ ಒರಗಿದಳು. ಆ ಕುಟುಂಬದಲ್ಲಿ ವಿಶ್ರಾಂತಿ ಪಡೆದವರು ಯಾರಾದರೂ ಇದ್ದರೆ ಆಕೆಯೊಬ್ಬಳೇ. ಅದೂ ಹಳ್ಳದಿಣ್ಣೆಯ ಹಾದಿಯ ಜೀಪಿನಲ್ಲಿ.

1994ರಲ್ಲಿ ಘೋಷಿತವಾದ ಈ ಧಾಮದಲ್ಲಿ ಕರಡಿಗಳನ್ನು ನೋಡುವ ಕ್ರಮ ಹೀಗಿದೆ: ಅರಣ್ಯ ಇಲಾಖೆಯವರು ಮಧ್ಯಾಹ್ನ ಬಂಡೆಗಳ ಮೇಲೆ ಬೆಲ್ಲದ ಪಾಕವನ್ನು ಬಳಿದು ಹೋಗುತ್ತಾರೆ, ಬಿಸಿಲು ಇಳಿಯುತ್ತಲೆ ಕರಡಿಗಳು ಗವಿಗಳಿಂದ ಹೊರಬಂದು ಅದನ್ನು ನೆಕ್ಕುತ್ತವೆ, ಎದುರಿನ ಕರಡಿಕಲ್ಲು ಗುಡ್ಡದ ವೀಕ್ಷಣಾಗೋಪುರದಿಂದ ಮನುಷ್ಯರು ನೋಡುತ್ತಾರೆ. ವಸತಿ, ಊಟ ಎರಡೂ ಸೇರಿದ ಈ ಏರ್ಪಾಡಿಗೆ ಕರಡಿಗಳು ಏನೂ ಕೊಡುವುದಿಲ್ಲವೆಂಬುದನ್ನು ಯಜಮಾನರು ಗಮನಿಸದೆ ಇರಲಿಲ್ಲ. ಬೆಲ್ಲಕ್ಕೆ ಮೊದಲು ಬಂದವು ನವಿಲುಗಳು, ಆಮೇಲೆ ಮುಂಗುಸಿಗಳು. ಯಜಮಾನರು ದುರ್ಬೀನನ್ನು ಕಣ್ಣಿಗೆ ಒತ್ತಿಕೊಂಡು, ರೆಪ್ಪೆಯಿಕ್ಕದೆ, ಸಂಜೆಯ ಐದು ಗಂಟೆಯಾಗುವವರೆಗೂ ನಿಂತರು. ಆಗ ಪುಟ್ಟ ಮಗಳು ಅವರ ಚಡ್ಡಿಯ ಅಂಚನ್ನು ಜಗ್ಗಿ, ಮಕ್ಕಳ ಜೊತೆ ಪ್ರಯಾಣ ಮಾಡಿದವರೆಲ್ಲರಿಗೂ ಪರಿಚಿತವಾದ ಆ ಒಂದು ಮಾತನ್ನು ಹೇಳಿದಳು: “ಅಪ್ಪಾ, ಒಂದಕ್ಕೆ.”

ತಾಯಿ ಜೀಪಿನಲ್ಲಿ ನಿದ್ರಿಸುತ್ತಿದ್ದಳು, ಎಬ್ಬಿಸಬಾರದೆಂದು ಅಪ್ಪಣೆಯಿತ್ತು. ಯಜಮಾನರು ಮಗಳನ್ನು ಎತ್ತಿಕೊಂಡು ಗುಡ್ಡವಿಳಿದು, ಕಾರ್ಯ ಮುಗಿಸಿ, ಏದುಸಿರು ಬಿಡುತ್ತ ಹತ್ತಿ ಬರುವಷ್ಟರಲ್ಲಿ ತಾಯಿಕರಡಿಯೊಂದು ಎರಡು ಮರಿಗಳನ್ನು ಬೆನ್ನ ಮೇಲೆ ಹೊತ್ತು ಬಂದು, ಬೆಲ್ಲವನ್ನು ಚೊಕ್ಕಟವಾಗಿ ನೆಕ್ಕಿ, ಬಂಡೆಯ ಹಿಂದೆ ಮರೆಯಾಗಿತ್ತು. ಮಗ ಆ ಹೊತ್ತಿನಲ್ಲೂ ಮುಂಗುಸಿಯನ್ನೇ ನೋಡುತ್ತಿದ್ದನಂತೆ. ಕಂಡವಳು, ಬರಲಾರೆನೆಂದು ಹಟ ಹಿಡಿದಿದ್ದ ಅಜ್ಜಿ. ಮಗನ ಮುಖವನ್ನು ನೋಡಿ ಆಕೆ ಸಮಾಧಾನ ಹೇಳಿದಳು: “ಎರಡು ಮರಿ ಇದ್ವು ನೋಡೋ. ಬೆನ್ನ ಮ್ಯಾಲೆ ಸುಮ್ಮನ ಕುಂತಿದ್ವು. ಒಂದೂ ಒಂದಕ್ಕ ಅನ್ಲಿಲ್ಲ.”

ಈಗ ಅಂಗಡಿಗೆ ಬಂದವರಿಗೆಲ್ಲ ಯಜಮಾನರು ಆ ಕರಡಿಯ ಉದ್ದಗಲಗಳನ್ನು ಗಜದ ಕೋಲಿನಿಂದಲೇ ತೋರಿಸುತ್ತಾರೆ. ಅಳತೆ ವಾರದಿಂದ ವಾರಕ್ಕೆ ಬೆಳೆಯುತ್ತಿದೆ. ಆ ನೈಲಾನ್ ಚಡ್ಡಿಯನ್ನು ಹಣ ತೀರುವವರೆಗೆ ಬಿಡಲಾಗದೆಂದು ಮನೆಯ ಬಚ್ಚಲಿನಲ್ಲಿಯೂ ಅದನ್ನೇ ಧರಿಸಿ ಸ್ನಾನ ಮಾಡುತ್ತಿದ್ದಾರೆಂದು ಅಜ್ಜಿಯೇ ನನಗೆ ಹೇಳಿದ್ದು. ಮುಂದಿನ ಬೇಸಗೆಗೆ ಕಬಿನಿಗೆ ಹೋಗುವುದೆಂದು ನಿಶ್ಚಯವಾಗಿದೆ. ಚಡ್ಡಿ ಈಗಾಗಲೇ ಇರುವುದರಿಂದ ಆ ಬಾಬತ್ತಿನಲ್ಲಿ ಖರ್ಚಿಲ್ಲ. ಮಗನ ವಯಸ್ಸನ್ನು ನಾಲ್ಕೂವರೆಗೆ ಇಳಿಸುವುದೆಂದೂ ಗೊತ್ತಾಗಿದೆ. ಆದರೆ ಹುಡುಗ ತಂದೆಯ ಲೆಕ್ಕವನ್ನು ಲಕ್ಷಿಸದೆ ಎತ್ತರವಾಗುತ್ತಲೇ ಇದ್ದಾನೆ.