ಯುನಿಟ್ ಕಾಕಾ

ಬೆಳಗಾವಿಯ ಟಿಳಕವಾಡಿಯಲ್ಲಿ ಬೆಳಗ್ಗೆ ಯಾವ ಓಣಿ ಹಿಡಿದು ವಾಕಿಂಗ್ ಹೊರಟರೂ ಇಂಥ ಒಬ್ಬ ಕಾಕಾ ಸಿಕ್ಕೇ ಸಿಗುತ್ತಾರೆ. ನಿವೃತ್ತರು. ಪಿಂಚಣಿ ತಪ್ಪದೆ ಬರುತ್ತದೆ, ಮಕ್ಕಳು ಪುಣೆಯಲ್ಲೋ ಬೆಂಗಳೂರಲ್ಲೋ ಇದ್ದಾರೆ. ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇದೆ. ಆದರೆ ಎಲೆಕ್ಟ್ರಿಕ್ ಕಾರು ಬುಕ್ ಮಾಡಿದ ಮೇಲೆ ಓಣಿಯವರಿಗೆ ಅವರು ‘ಯುನಿಟ್ ಕಾಕಾ’. “ಅರಾಮೇನ್ರಿ ಕಾಕಾ?” ಎಂದರೆ, “ಒಂದ್ ಯುನಿಟ್‌ಗೆ ಎಂಟ್ ಕಿಲೋಮೀಟರ್ ನೋಡ್ರಿ” ಎಂಬ ಉತ್ತರ ಬರುತ್ತದೆ.

ಗಾಡಿ ಇನ್ನೂ ಕಾರ್ಖಾನೆ ಬಿಟ್ಟಿರುವುದಿಲ್ಲ. ಅಷ್ಟರಲ್ಲೇ ಕಾಕಾ ಚಹಾದಂಗಡಿಯ ಬೆಂಚಿನ ಮೇಲೆ ಕೂತು ಅದನ್ನು ಗೋವೆಯವರೆಗೆ ಓಡಿಸಿ ಬಂದಿರುತ್ತಾರೆ. “ಚೋರ್ಲಾ ಘಾಟ್ ಇಳಿಯೂವಾಗ ಬ್ಯಾಟರಿ ತಾನ ತುಂಬತೈತಿ. ಬ್ರೇಕ್ ಒತ್ತಿದ್ರ ಕರೆಂಟ್!”

“ತಿರುಗಿ ಹತ್ತೂವಾಗ್ರಿ?” ಎಂದು ಗ್ಲಾಸು ತೊಳೆಯುವ ಹುಡುಗ ಕೇಳುತ್ತಾನೆ.

“ಅದು ಮುಂದಿನ ವಿಚಾರ.”

ಕಾಕಾ ಬರೀ ಬುಕಿಂಗ್ ಮಾಡಿ ಸುಮ್ಮನಾಗುವ ಆಸಾಮಿಯಲ್ಲ, ಇತಿಹಾಸವನ್ನೂ ಓದಿಕೊಂಡವರು. 2001ರಲ್ಲಿ ಬೆಂಗಳೂರಿನ ರೇವಾ ಬಂದಾಗಲೇ ತಮಗೆ ಎಲ್ಲ ಹೊಳೆದಿತ್ತು ಎನ್ನುತ್ತಾರೆ. 2017ರಲ್ಲಿ ವಿದ್ಯುತ್ ವಾಹನ ನೀತಿ ತಂದ ಮೊದಲ ರಾಜ್ಯ ನಮ್ಮದು, 2019ರಲ್ಲಿ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತು, ನಂಬರ್ ಪ್ಲೇಟು ಹಸಿರು. ಇಷ್ಟನ್ನೂ ಎದುರಿಗಿದ್ದವರ ಚಹಾ ಆರುವುದರೊಳಗೆ ಹೇಳಿ ಮುಗಿಸುತ್ತಾರೆ. ಪೆಟ್ರೋಲ್ ಗಾಡಿಯವರು ಕಂಡರೆ ಮಾತ್ರ ದನಿ ಮೆತ್ತಗಾಗುತ್ತದೆ: “ಪಾಪ, ಕಿಲೋಮೀಟರ್‌ಗೆ ಏಳ್ ರೂಪಾಯಿ ಸುಡಾಕತ್ತೀರಿ.”

ಕಾಯುವ ಕಾಲದಲ್ಲಿ ಅವರ ಆಪ್ತಮಿತ್ರನೆಂದರೆ ಶೋರೂಮಿನ ಸೇಲ್ಸ್ ಹುಡುಗ. ಯಾವಾಗ ಫೋನ್ ಮಾಡಿದರೂ “ಗಾಡಿ ಟ್ರಾನ್ಸಿಟ್‌ದಾಗ ಐತ್ರಿ ಸರ್” ಎನ್ನುತ್ತಾನೆ. ಅಷ್ಟಕ್ಕೆ ಕಾಕಾನ ಜೀವ ತಡೆಯುವುದಿಲ್ಲ. ಸಂಜೆ ಪುಣೆ-ಬೆಂಗಳೂರು ಹೆದ್ದಾರಿಯ ಸರ್ವಿಸ್ ರಸ್ತೆಗೆ ಹೋಗಿ, ಕಾರು ಹೊತ್ತ ಉದ್ದನೆಯ ಟ್ರೇಲರ್‌ಗಳನ್ನು ನೋಡುತ್ತ ನಿಲ್ಲುತ್ತಾರೆ. “ಮ್ಯಾಲಿನ ಸಾಲಿನಾಗ ಒಂದ್ ಬಿಳೇದ ಇತ್ತು. ನಮ್ಮದಾ ಇರಬೇಕು” ಎಂದು ಮನೆಗೆ ಬಂದು ಹೆಂಡತಿ ಕಾಕುಗೆ ವರದಿ ಒಪ್ಪಿಸುತ್ತಾರೆ. ಆ ಟ್ರೇಲರ್ ಹುಬ್ಬಳ್ಳಿ ದಾಟಿ ಹೋಗಿರುತ್ತದೆ.

ಕೊನೆಗೊಮ್ಮೆ ಗಾಡಿ ಯಾರ್ಡಿಗೆ ಬರುತ್ತದೆ. ಕಾಕಾ ಟಾರ್ಚ್, ಕನ್ನಡಕ, ನೋಟ್‌ಬುಕ್ ಸಮೇತ ಹಾಜರು. ಟೈರಿನ ಬದಿಗೆ ಅಚ್ಚಾದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಮೊಣಕಾಲೂರಿ ನಾಲ್ಕೂ ಟೈರಿನದನ್ನು ಬರೆದುಕೊಳ್ಳುತ್ತಾರೆ. ಮೂರು ಒಂದೇ ವಾರದವು, ಒಂದು ಮಾತ್ರ ಎರಡು ವಾರ ಹಿರಿಯದು. “ಇದ್ಯಾಕ ಮೊದಲ ಹುಟ್ಟೈತಿ?” ಎಂಬ ಪ್ರಶ್ನೆಗೆ ಸೇಲ್ಸ್ ತರಬೇತಿಯಲ್ಲಿ ಉತ್ತರ ಕಲಿಸಿರುವುದಿಲ್ಲ.

ಡೆಲಿವರಿಗೆ ದೀಪಾವಳಿ ಪಾಡ್ಯ. ಶೋರೂಮಿನವರು ಕಾರಿನ ಮೇಲಿನ ಕೆಂಪು ಬಟ್ಟೆ ಎಳೆಸಿ, ಆಳುದ್ದದ ರಟ್ಟಿನ ಕೀಲಿ ಕೈಗೆ ಕೊಟ್ಟು ಫೋಟೊ ಹೊಡೆದು ಕಳಿಸುತ್ತಾರೆ. ಅಲ್ಲಿಂದ ಸೀದಾ ಕಪಿಲೇಶ್ವರ ಗುಡಿಗೆ. ಆರತಿಯಾಯಿತು, ಕಾಯಿ ಒಡೆದದ್ದಾಯಿತು, ನಾಲ್ಕು ಗಾಲಿಗೂ ನಿಂಬೆಹಣ್ಣು ಇಟ್ಟದ್ದಾಯಿತು. ಪೂಜಾರಿ “ಚಾಲೂ ಮಾಡ್ರಿ” ಎಂದು ಪಕ್ಕಕ್ಕೆ ಸರಿದರು. ಕಾಕಾ ಒಳಗೆ ಕೂತು ನಗುತ್ತಿದ್ದಾರೆ.

“ಮಾಡ್ರಿ ಸಾಹೇಬ್ರ, ಮುಹೂರ್ತ ಮುಗೀತೈತಿ.”

“ಆಗೇತ್ರಿ.”

ಪೂಜಾರಿಗೆ ನಂಬಿಕೆಯಿಲ್ಲ. ಬಾನೆಟ್ಟಿಗೆ ಕಿವಿ ಹಚ್ಚಲೆಂದು ಬಗ್ಗುವಷ್ಟರಲ್ಲಿ ನಿಂಬೆಹಣ್ಣು ಪಚಕ್ ಎಂದಿತು. ಇಷ್ಟು ತಿಂಗಳು ಕಾದು ತಂದ ಗಾಡಿಯ ಮೊದಲ ಸದ್ದು ಅದೇ. ಆಮೇಲೆ ಮನೆಮನೆಗೆ ಕುಂದಾ ಹಂಚಿದರು. ಪ್ರತಿ ಡಬ್ಬಿಯ ಜೊತೆ ಅರ್ಧ ತಾಸಿನ ಭಾಷಣ ಉಚಿತ.

ನಿಜವಾದ ಲೆಕ್ಕ ಶುರುವಾಗುವುದು ಗಾಡಿ ಮನೆಗೆ ಬಂದ ಮೇಲೆ. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯುನಿಟ್ ದಾಟಿದರೆ ಇಡೀ ಬಿಲ್ಲೇ ಕಟ್ಟಬೇಕು. ಕಾರು ಒಮ್ಮೆ ಹೊಟ್ಟೆ ತುಂಬ ಉಂಡರೆ ಸುಮಾರು 30 ಯುನಿಟ್. ವಾಹನಕ್ಕೆಂದೇ ಬೇರೆ ಮೀಟರ್ ಪಡೆಯಬಹುದು, ಆದರೆ ಅದಕ್ಕೂ ಬಿಲ್ ಬರುತ್ತದಲ್ಲ! ಕಾಕಾ ಎರಡು ರಾತ್ರಿ ಕ್ಯಾಲ್ಕುಲೇಟರ್ ಒತ್ತಿ, ಮೂರನೆಯ ಬೆಳಗ್ಗೆ ಕಾಕುಗೆ ಬಲು ಪ್ರೀತಿಯಿಂದ ಹೇಳಿದರು: “ಭಾಳ ದಿನಾ ಆತಲ್ಲ, ನಿನ್ನ ತವರುಮನಿಗೆ ಹೋಗಿ ಬರೂಣೇನು?”

ತವರುಮನೆ ಖಾನಾಪುರ. ದಾರಿ 25 ಕಿಲೋಮೀಟರಿನ ಆಸುಪಾಸು. ಮದುವೆಯಾದ ಲಾಗಾಯ್ತು ಹಬ್ಬಕ್ಕೊಮ್ಮೆ ಕರೆದರೂ ಸೊಂಟನೋವು ಹೇಳುತ್ತಿದ್ದ ಅಳಿಯ ಈಗ ವಾರವಾರ ಕೇಬಲ್ ಹೆಗಲಿಗೆ ಹಾಕಿಕೊಂಡು ಇಳಿಯತೊಡಗಿದರು. ಮೊದಲ ಸಲ ಪ್ಲಗ್ ಚುಚ್ಚಿದಾಗ ಚಾರ್ಜರ್‌ನಲ್ಲಿ ಕೆಂಪು ದೀಪ: ಅರ್ಥಿಂಗ್ ಇಲ್ಲ. ಮಿಕ್ಸರು, ಟಿವಿ, ಪಂಪು ಒಂದು ದಿನವೂ ಕೇಳದ ಅರ್ಥಿಂಗನ್ನು ಕಾರು ಕೇಳಿತು. ಕಾಕಾ ಮುಂದೆ ನಿಂತು ಹಿತ್ತಲಲ್ಲಿ ಗುಂಡಿ ತೋಡಿಸಿ, ಪೈಪು ಇಳಿಸಿ, ಇದ್ದಿಲು ಉಪ್ಪು ಪದರು ಪದರಾಗಿ ತುಂಬಿಸಿದರು. ತೇವ ಆರಿದರೆ ಕರೆಂಟು ನೆಲಕ್ಕಿಳಿಯುವ ದಾರಿ ಕೆಡುತ್ತದೆ. ಬೇಸಿಗೆಯಲ್ಲಿ ನೀರು ಹಾಕುತ್ತಿರಬೇಕು. ಆ ಕೆಲಸ ಮುದುಕಿ ಅತ್ತೆಗೆ ಬಿತ್ತು. “ತುಳಸಿಗೆ ಒಂದ್ ತಂಬಿಗಿ, ಅಳಿಯ ದೇವ್ರ ಗುಂಡಿಗೆ ಒಂದ್ ಕೊಡ” ಎಂದು ಆಕೆ ಬಂದವರಿಗೆಲ್ಲ ಹೇಳುತ್ತಾರೆ.

ಮೊದಲೆಲ್ಲ ಅಳಿಯ ಅಪರೂಪಕ್ಕೆ ಬಂದರೆ ಹೋಳಿಗೆಗೆ ಬೇಳೆ ಬೇಯಲಿಡುತ್ತಿದ್ದರು. ಈಗ ಭಾವಮೈದುನ ಮೊದಲು ಹೋಗಿ ಮೀಟರಿನ ಫೋಟೊ ಹೊಡೆದಿಟ್ಟುಕೊಳ್ಳುತ್ತಾನೆ. ಮಳೆಗಾಲದಲ್ಲಿ ಕಾಡಿನ ಟೊಂಗೆ ತಂತಿ ಮೇಲೆ ಬಿದ್ದು ಕರೆಂಟ್ ಹೋದರಂತೂ ಅಳಿಯನ ಬಿಡಾರ ಮರುದಿನಕ್ಕೂ ಮುಂದುವರಿಯುತ್ತದೆ, ಅದೂ ಊಟ ಸಮೇತ.

ಕಾಕಾನಿಗೆ ಒಂದೇ ಕೊರಗು. “ಹೋಗೂವಾಗ ಹತ್ತ್ ಪರ್ಸೆಂಟ್ ಇಳಿತೈತಿ, ಬರೂವಾಗ ಹನ್ನೆರಡು. ಎಲ್ಲಿ ಸೋರಾಕತ್ತೈತಿ?” ಬೆಳಗಾವಿಗಿಂತ ಖಾನಾಪುರ ಸುಮಾರು ನೂರು ಮೀಟರ್ ತಗ್ಗಿನಲ್ಲಿದೆ, ಹೋಗುವುದು ಇಳುಕಲು, ಬರುವುದು ಏರು. ಕಾಕು ಕಿಟಕಿಯಿಂದಾಚೆ ನೋಡುತ್ತಲೇ ಅಂದರು: “ತವರುಮನಿಗೆ ಹೋಗೂದು ಯಾವಾಗ್ಲೂ ಹಗುರರಿ. ತಿರುಗಿ ಬರೂದ ಜಡ.”

ಮೊನ್ನೆ ಭಾವಮೈದುನನ ಫೋನ್ ಬಂತು. “ಮಾಮಾ, ನಿಮ್ಮ ಮಾತ ಕೇಳಿ ನಾನೂ ಎಲೆಕ್ಟ್ರಿಕ್ ಬುಕ್ ಮಾಡೂದಂತ ಮಾಡೇನಿ. ಇಲ್ಲಿ ಮಳಿಗಾಲದಾಗ ಕರೆಂಟ್ ಖಾತ್ರಿ ಇಲ್ಲ, ನಿಮಗ ಗೊತ್ತಾ ಐತಿ. ಚಾರ್ಜ್ ಮಾಡಾಕ ವಾರಕ್ಕೊಮ್ಮೆ ನಿಮ್ಮ ಮನಿಗೇ ಬರ್ತೀವಿ, ಅವ್ವನ್ನೂ ಕರಕೊಂಡು.”

ಊರಿಗೆಲ್ಲ ಎಲೆಕ್ಟ್ರಿಕ್ ಗಾಡಿ ಕೊಳ್ಳಲು ಉಪದೇಶಿಸಿದ ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು ಗಂಟಲು ಸರಿಮಾಡಿಕೊಂಡರು.

“ಅವಸರ ಮಾಡಬ್ಯಾಡಪಾ. ಹಂಗ ನೋಡಿದ್ರ ಪೆಟ್ರೋಲ್ ಗಾಡಿನೂ ಏನ್ ಕೆಟ್ಟಿಲ್ಲ.”