ಸ್ಪ್ಯಾನರ್ ಮತಭೇದ

ಕಾಫಿಪುಡಿಗೆ ಚಿಕೋರಿ ಎಷ್ಟು ಬೆರೆಸಬೇಕು ಎಂಬ ವಿಚಾರದಲ್ಲಿ ಮಾತು ಬಿಟ್ಟ ಬೀಗರನ್ನು ಕಂಡಿದ್ದೇನೆ. ಸ್ಪ್ಯಾನರ್ ಮತದವರ ಜಗಳ ಅದಕ್ಕಿಂತ ಒಂದು ಕೈ ಮೇಲು. ನಾನೂ ಅದೇ ಮತದವನು.

ಜರ್ಮನ್ ಪಂಥಕ್ಕೆ ಅಕ್ಕಪಕ್ಕದ ಎರಡು ಊರುಗಳೇ ಪುಣ್ಯಕ್ಷೇತ್ರ. ವುಪ್ಪರ್‌ಟಾಲ್‌ನಲ್ಲಿ 1862ರ ಸ್ಪ್ಯಾನರ್ ಕಂಪನಿ ಸ್ಟಾಲ್‌ವಿಲ್ಲೆ. ರೆಮ್‌ಷೈಡ್‌ನಲ್ಲಿ 1868ರ ಹಾಜೆಟ್ ಮತ್ತು 1919ರ ಗೆಡೋರೆ. ಅಮೆರಿಕನ್ ಪಂಥದವರಿಗೆ ಸ್ನ್ಯಾಪ್-ಆನ್ ಒಂದೇ ದೈವ. 1920ರಲ್ಲಿ ಹುಟ್ಟಿದ ಈ ಕಂಪನಿ 5 ಹಿಡಿ, 10 ಸಾಕೆಟ್ ಮುಂದಿಟ್ಟು, 50 ಸ್ಪ್ಯಾನರಿನ ಕೆಲಸ ಇಷ್ಟರಲ್ಲೇ ಆಗುತ್ತದೆ ಎಂದಿತು. ಅಲ್ಲಿ ಅದರ ವ್ಯಾನು ಗ್ಯಾರೇಜಿನ ಬಾಗಿಲಿಗೇ ಬಂದು ಕಂತಿನ ಮೇಲೆ ಪ್ರಸಾದ ಹಂಚುತ್ತದೆ.

ಈ ದೈವಗಳ ಮಹಿಮೆ ಸುಳ್ಳಲ್ಲ. ಅಗ್ಗದ ಸಾಕೆಟ್ಟು ನಟ್ಟಿನ ಆರು ಮೂಲೆಗಳನ್ನೇ ಕಚ್ಚುತ್ತದೆ. ಜೋರಾಗಿ ತಿರುಗಿಸಿದರೆ ಮೂಲೆ ಸವೆದು ನಟ್ಟು ಗುಂಡಗಾಗುತ್ತದೆ. ಒಳ್ಳೆಯದು ಮೂಲೆಯ ತಂಟೆಗೆ ಹೋಗದೆ, ಪಕ್ಕದ ಚಪ್ಪಟೆ ಮೈಯನ್ನು ಒತ್ತುತ್ತದೆ. 72 ಹಲ್ಲಿನ ರಾಚೆಟ್ಟಾದರೆ ಕೈಯನ್ನು 5 ಡಿಗ್ರಿ ಆಡಿಸಿದರೂ ಸಾಕು, ಇನ್ನೊಂದು ಹಲ್ಲು ಹಿಡಿಯುತ್ತದೆ. ಆ ಟಿಕ್ ಟಿಕ್ ಕೇಳುತ್ತಾ ಸೋಫಾದ ಮೇಲೆ ಕೂತರೆ ಟಿವಿಯೇ ಬೇಡ.

ನಮ್ಮ ಗ್ಯಾರೇಜಿನ ಮೇಸ್ತ್ರಿ ಯಾವ ಪಂಥಕ್ಕೂ ಸೇರಿದವರಲ್ಲ. ಅವರ ಡಬ್ಬದಲ್ಲಿ ಗ್ರೀಸು ಮೆತ್ತಿದ ಟಪಾರಿಯಾ ಸ್ಪ್ಯಾನರುಗಳ ಜೊತೆ, ಕತ್ತು ಸೊಟ್ಟಗಿರುವ 12-13ರ ರಿಂಗ್ ಒಂದಿದೆ. ಕಾಯಿಸಿ ಬಗ್ಗಿಸಿ, ಗ್ರೈಂಡರಿಗೆ ಕೊಟ್ಟು ಅದರ ತುಟಿ ತೆಳ್ಳಗೆ ಮಾಡಿದ್ದಾರೆ.

“ಇದು ಯಾವ ಕಂಪನಿದು?” ಅಂದೆ.

“ಕಂಪನಿಯವರು ಮಾಡಿದ್ದು ಒಳಗೆ ಹೋಗ್ತಿರಲಿಲ್ಲ ಸಾರ್. ಅದಕ್ಕೇ ನಾನೇ ಸ್ವಲ್ಪ ರಿಪೇರಿ ಮಾಡ್ದೆ.”

ನನ್ನ ಎದೆ ಧಸಕ್ಕೆಂದಿತು. ಹಾಜೆಟ್ಟನ್ನು ಗ್ರೈಂಡರಿಗೆ ಕೊಡುವುದೆಂದರೆ ರೇಷ್ಮೆ ಸೀರೆ ಹರಿದು ನೆಲ ಒರೆಸಿದಂತೆ! ಪಕ್ಕದ ಮನೆಯವರು ಸ್ಪ್ಯಾನರ್ ಕೇಳಲು ಬಂದರೂ ಅಷ್ಟೇ, ಬೇಕಾದರೆ ಸ್ಕೂಟರ್ ಕೊಡುತ್ತೇನೆ, ರಾಚೆಟ್ ಮಾತ್ರ “ಎಲ್ಲೋ ಇಟ್ಟಿದೀನಿ, ಹುಡುಕಬೇಕು.” ಮನೆಯ ನಲ್ಲಿ ಸೋರಿದರೂ ಪ್ಲಂಬರೇ ಬರಬೇಕು, ಅವರ ಸ್ಪ್ಯಾನರ್ ತಂದು.

ಈ ಕಂಪನಿಗಳು ಜೀವಮಾನವಿಡೀ ವಾರಂಟಿ ಹೇಗೆ ಕೊಡುತ್ತವೆ ಎಂದು ಜನ ಬೆರಗಾಗುತ್ತಾರೆ. ಉಕ್ಕಿನ ಗುಣವೂ ಇರಬಹುದು. ಆದರೆ ಗಿರಾಕಿಗಳಲ್ಲಿ ನನ್ನಂಥವರು ಎಷ್ಟು ಜನ ಎಂಬ ಲೆಕ್ಕವೂ ಅವರ ಬಳಿ ಇದ್ದೇ ಇರುತ್ತದೆ.